ಮೇ ತಿಂಗಳಲ್ಲಿ ಇನ್ನೊಮ್ಮೆ ಬಾವಿಗೆ ಇಳಿಯಿರಿ

ತೆಂಕಬೈಲು, 11 ಜೂನ್ 2168

ತೆಂಕಬೈಲಿನಲ್ಲಿ ಮುಚ್ಚಿಹೋದ ತೈಲ ಶುದ್ಧೀಕರಣ ಘಟಕದ ಜಾಗವನ್ನು ತನಿಖೆ ಮಾಡುತ್ತಿರುವ ಅಧಿಕಾರಿಗಳಿಗೆ ದಮಯಂತಿ ಸಾಲಿಯಾನ್ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನೀವು ತೀರಿಕೊಂಡು ನೂರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಹೀಗೆ ನೇರವಾಗಿ ಹೇಳಿದ್ದಕ್ಕೆ ಕ್ಷಮಿಸಿ. ಪತ್ರ ಹಿಂದಕ್ಕೆ ಹೇಗೆ ಬಂತೆಂದು ಕೇಳಿದರೆ ನನಗೂ ಗೊತ್ತಿಲ್ಲ, ಅಂಚೆಯವರು ತೂಕ ನೋಡಿ ತೆಗೆದುಕೊಂಡರು. ನಿಮಗೆ ಪರಿಚಯವಿಲ್ಲದ ಮಾತು ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ.

ನಾನು ಇಲ್ಲಿನ ಗುಟುಕುದಾರಳು. ಅಂದರೆ ಬಾವಿಯ ನೀರು ಶುದ್ಧವೆಂದು ಸಹಿ ಹಾಕುವವಳು, ಸಹಿಗೆ ಮೊದಲು ಅದನ್ನು ಊರವರೆದುರು ತಾನೇ ಕುಡಿಯಬೇಕಾದವಳು. ನನ್ನ ದಿನ ಶುರುವಾಗುವುದು ಎಣ್ಣೆಬಾಕಗಳಿಗೆ ಉಣಿಸುವುದರಿಂದ. ಮಣ್ಣಿನೊಳಗಿನ ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳಿಗೆ ನಾವಿಟ್ಟ ಹೆಸರು ಅದು. ಕೊಳವೆಗಳಲ್ಲಿ ಅವಕ್ಕೆ ಗಾಳಿಯನ್ನೂ ಬೆಲ್ಲದ ನೀರನ್ನೂ ಇಳಿಸುತ್ತೇವೆ. ನಮ್ಮ ಚಹಾಕ್ಕೆ ಬೆಲ್ಲ ತಪ್ಪಿದರೂ ಅವಕ್ಕೆ ತಪ್ಪುವಂತಿಲ್ಲ, ಅಷ್ಟು ಕೊಬ್ಬು ಅವುಗಳದ್ದು. ಆಮೇಲೆ ಹಿಂದೆ ಟ್ಯಾಂಕುಗಳಿದ್ದ ಕಡೆ ಬೆಳೆಸಿರುವ ಲಾವಂಚದ ಸಾಲುಗಳಿಗೆ ಹೋಗಿ ಬುಡದ ಮಣ್ಣು ಮೂಸುತ್ತೇನೆ. ಯಂತ್ರಗಳೂ ಇವೆ, ಆದರೆ ನನ್ನ ಮೂಗಿಗೇ ಮೊದಲು ತಿಳಿಯುತ್ತದೆ. ಮಧ್ಯಾಹ್ನ ಹೊಳೆ ದಾಟಿ, ಈ ಊರು ಬಿಟ್ಟವರೆಲ್ಲ ನೆಲೆಸಿರುವ ಕಾಲನಿಗೆ ಹೋಗಿ ಗಂಜಿ ಉಣ್ಣುತ್ತೇನೆ. ಈ ನೆಲದ ಬಸಳೆಯನ್ನು ಇನ್ನೂ ಯಾರೂ ತಿನ್ನುವಂತಿಲ್ಲ.

ಈಗ ನಿಮ್ಮ ವಿಷಯ. ಆಗಸ್ಟಿನಲ್ಲಿ ನಲವತ್ತೊಂದು ಬಾವಿಗಳ ನೀರು ಪರೀಕ್ಷಿಸಿದಿರಿ, ಎಲ್ಲವೂ ಶುದ್ಧವೆಂದು ಬಂತು, ಬರುವ ವಾರ ವರದಿಗೆ ಸಹಿ ಹಾಕಲಿದ್ದೀರಿ. ನೀವು ಮೋಸಗಾರರಲ್ಲ. ನಿಮ್ಮ ಟಿಪ್ಪಣಿ ಪುಸ್ತಕ ಓದಿದ್ದೇನೆ, ಅಕ್ಷರ ಕೂಡ ಚೆಂದ. ಆದರೆ ಮಳೆಗಾಲದಲ್ಲಿ ನಮ್ಮ ಬಾವಿಗಳು ಕಟ್ಟೆಯವರೆಗೆ ತುಂಬಿರುತ್ತವೆ. ಆಗ ಎಣ್ಣೆ ನೀರಿನಡಿಯ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ತೂತುಗಳಲ್ಲಿ ಸಿಕ್ಕಿಕೊಂಡು ಕಾಣಿಸುವುದಿಲ್ಲ. ಮೇ ತಿಂಗಳಲ್ಲಿ ನೀರು ತಳಕ್ಕಿಳಿದಾಗ ಕಲ್ಲಿನಿಂದ ಜಿನುಗಿ ಬಾವಿಗೆ ಬರುತ್ತದೆ. ನಿಮ್ಮ ಸಹಿ ನಂಬಿ ಜನ ಮನೆ ಕಟ್ಟಿದರು. ಬೇಸಿಗೆಯಲ್ಲಿ ನೀರು ಸೀಮೆಎಣ್ಣೆ ನಾತ ಹೊಡೆಯಿತು. ದೂರು ಕೊಟ್ಟರೆ ಅಧಿಕಾರಿಗಳು ಬರುವಷ್ಟರಲ್ಲಿ ಮಳೆ ಹಿಡಿದಿರುತ್ತಿತ್ತು, ಮತ್ತೆ ಅದೇ ಫಲಿತಾಂಶ. ಒಂದೊಂದೇ ಮನೆ ಖಾಲಿಯಾಗಿ, 2094ರಲ್ಲಿ ಕೊನೆಯದಾಗಿ ಹೊರಟವರು ನಮ್ಮವರು. ನನ್ನ ಸೋದರಮಾವ ತನಿಯಪ್ಪನವರಿಗೆ ಆಗ ಒಂಬತ್ತು ವರ್ಷ. ಆಮೇಲೆ ಶುರುವಾದ ಶುಚಿ ಕೆಲಸ ಇಂದಿಗೂ ಮುಗಿದಿಲ್ಲ.

ಅದಕ್ಕೇ ಈಗ ಒಂದು ನಿಯಮವಿದೆ: ಗುಟುಕುದಾರರು ಸಹಿ ಹಾಕಬೇಕಾದರೆ ಮೇ ತಿಂಗಳ ತಳನೀರು ಸತತ ಮೂರು ಬೇಸಿಗೆ ಶುದ್ಧವಿರಬೇಕು. ನಮ್ಮವರು ಬಿಟ್ಟುಹೋದ ಮನೆಯ ಬಾವಿಗೆ ಎರಡು ಆಗಿತ್ತು. ಮೂರನೆಯದು ಈ ವರ್ಷ ಆಗಬೇಕಿತ್ತು, ಆದರೆ ಮೇ ಎಂಟಕ್ಕೇ ಮಳೆ ಸುರಿದು ಬಾವಿ ತುಂಬಿತು. ಆ ನೀರನ್ನೂ ಪರೀಕ್ಷಿಸಿದೆ, ಶುದ್ಧವೆಂದೇ ಬಂತು. ಮಾವ ಕಾಲನಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಅವರ ಮುಖ ನೋಡಿಯಾದರೂ ಸಹಿ ಹಾಕು ಎಂದು ಎಲ್ಲರೂ ಹೇಳಿದರು. ನಾನು ಬರುವ ಮೇವರೆಗೆ ಕಾಯಬೇಕೆಂದು ಬರೆದೆ. ಬರೆಯುವಾಗ ಅಳು ಬಂತು.

ಸೋಮವಾರ ಮಾವನಿಗೆ ಮೇಲುಸಿರು ಶುರುವಾಯಿತು. "ಎಂತ ಮಾರಾಯ್ತಿ, ಬಾವಿ ತುಂಬ ನೀರುಂಟಂತೆ. ನನಗೆ ಒಂದು ಗುಟುಕು ಇಲ್ವಾ?" ಎಂದರು. "ಈಗ ತರ್ತೇನೆ ಮಾವ" ಎಂದು ಹೊರಗೆ ಬಂದೆ. ಹೊಳೆ ದಾಟಿ ಬಾವಿಗೆ ಹೋಗಿ ಬರುವಷ್ಟು ಹೊತ್ತು, ಅಲ್ಲಿಯವರೆಗೆ ಅವರು ಇರಲಿ ಎಂದು ಬೇಡಿಕೊಳ್ಳುತ್ತಾ ಅಂಗಳದಲ್ಲಿ ಕೂತೆ. ಆಮೇಲೆ ಕಾಲನಿಯ ನಳ್ಳಿ ನೀರನ್ನೇ ಚೊಂಬಿನಲ್ಲಿ ಹಿಡಿದು ತಂದು, ನಮ್ಮ ಬಾವಿಯದ್ದೆಂದು ಹೇಳಿ ಬಾಯಿಗೆ ಬಿಟ್ಟೆ. ಅವರು ಚಪ್ಪರಿಸಿ, "ಅದೇ ರುಚಿ ಉಂಟು ನೋಡು" ಎಂದರು. ಸಂಜೆ ಹೋದರು.

ದಯವಿಟ್ಟು ಈಗ ಸಹಿ ಹಾಕಬೇಡಿ. ಮೇ ತಿಂಗಳಲ್ಲಿ ಇನ್ನೊಮ್ಮೆ ಬಾವಿಗೆ ಇಳಿದು, ಕಲ್ಲಿಗೆ ಮೂಗಿಟ್ಟು ನೋಡಿ. ಶುಚಿ ಕೆಲಸ ನಿಮ್ಮ ಕಾಲದಲ್ಲೇ ಮುಗಿದು ನನಗಿಲ್ಲಿ ಉದ್ಯೋಗವೇ ಇಲ್ಲದಂತಾದರೂ ಪರವಾಗಿಲ್ಲ. ಮಾವ ಅವರ ಬಾವಿಯ ನೀರನ್ನೇ ಕುಡಿದು ಸಾಯಲಿ.