ಹಸಿರು ಬಂದದ್ದು ಯಾರ ಮನೆಯಿಂದ

ಮಾರ್ಚ್ 3, ಸೋಮವಾರ

ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು — ಹೊಳೆ ಉಳಿಸುವ ಸಂಘದವರು ನಮ್ಮ ಇಡೀ ಬೀದಿಯ ಪರೀಕ್ಷೆಯನ್ನು ನನಗೇ ವಹಿಸಿದ್ದಾರೆ! ಮದುವೆಯಾಗಿ ಎರಡು ತಿಂಗಳಿಲ್ಲ, ಆಗಲೇ ಬೀದಿಗೆ ಇನ್‌ಚಾರ್ಜ್.

ಕೆಲಸ ಸೂಪರ್. ಒಂದೊಂದೇ ಮನೆಗೆ ಹೋಗಿ ಟಾಯ್ಲೆಟ್‌ಗೆ ಒಂದು ಚಮಚ ಹಸಿರು ಪುಡಿ ಹಾಕಿ ಫ್ಲಶ್ ಮಾಡುವುದು. ಮೀನಿಗೂ ಮನುಷ್ಯರಿಗೂ ಏನೂ ಆಗದ ಬಣ್ಣ. ಮನೆಯ ಪೈಪು ಒಳಚರಂಡಿಗೆ ಸೇರಿದ್ದರೆ ಬಣ್ಣ ಊರಾಚೆಯ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಕದ್ದುಮುಚ್ಚಿ ಮಳೆನೀರಿನ ಚರಂಡಿಗೆ ಸೇರಿಸಿದ್ದರೆ ನೇರ ಹೊಳೆಗೆ. ಸೇತುವೆಯ ಮೇಲೆ ಒಬ್ಬರು ನಿಂತು ನೋಡಿದರೆ ಸಾಕು. ಕಳ್ಳ ಹಸಿರಾಗಿ ಬರುತ್ತಾನೆ!

ಮಾವನಿಗೆ ಹೇಳಲು ಓಡಿದೆ. ಊರಿಗೆಲ್ಲ ಒಳಚರಂಡಿ ಹಾಕಿಸಿದ ಎಂಜಿನಿಯರ್ ಅವರು. ರಿಟೈರ್ ಆದಮೇಲೂ ವಾಕಿಂಗ್‌ನಲ್ಲಿ ಮ್ಯಾನ್‌ಹೋಲ್ ಕಂಡರೆ ನಿಂತು ಕುಶಲ ವಿಚಾರಿಸುವವರ ಹಾಗೆ ನೋಡುತ್ತಾರೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. "ಒಳ್ಳೇದಮ್ಮ" ಅಂದರು, ಅಷ್ಟೇ. ಕಾಫಿಗೆ ಸಕ್ಕರೆ ಹಾಕಿಕೊಂಡರು. ಶುಗರ್ ಇದೆ ಅವರಿಗೆ.

ಅತ್ತೆ ಇದ್ದಿದ್ದರೆ ಬೈದಿರುತ್ತಿದ್ದರು. ನಾದಿನಿಯ ಬಾಣಂತನಕ್ಕೆ ಹೋಗಿದ್ದಾರೆ, ತಿಂಗಳ ಕೊನೆಗೆ ವಾಪಸ್.

ಮಾರ್ಚ್ 8, ಶನಿವಾರ

ಬೀದಿಯ ಎಲ್ಲ ಮನೆಯೂ ಪಾಸ್! ನನ್ನ ಗಂಡ (ಈ ಪದ ಬರೆಯುವಾಗ ಇನ್ನೂ ನಗು ಬರುತ್ತದೆ) ದಿನವೂ ಆಫೀಸಿಗೆ ಮುಂಚೆ ಸೇತುವೆಯ ಮೇಲೆ ನಿಂತು "ಕ್ಲೀನ್" ಅಂತ ಮೆಸೇಜ್ ಮಾಡಿದರು. ಜೊತೆಗೆ ಒಂದು ಹಾರ್ಟ್. ಸೋ ಸ್ವೀಟ್.

ಎದುರು ಮನೆ ಟೈಲರಮ್ಮ ಮಾತ್ರ ಕಾಲೆಳೆಯದೆ ಬಿಡಲಿಲ್ಲ. "ಮದುವೆಯಾದ ಹೊಸದ್ರಲ್ಲಿ ಜನ ಸಿನಿಮಾಕ್ಕೆ ಹೋಗ್ತಾರೆ. ನೀನು ನಮ್ಮನೆ ಟಾಯ್ಲೆಟ್ ನೋಡೋಕೆ ಬಂದ್ಯಲ್ಲೇ!"

ಉಳಿದದ್ದು ನಮ್ಮ ಮನೆ. "ಅದನ್ಯಾಕೆ ನೋಡ್ತೀಯಾ? ಅಪ್ಪ ಹಾಕ್ಸಿದ್ದು" ಅಂದರು ಇವರು. ಆದರೂ... ರೂಲ್ ಅಂದರೆ ರೂಲ್.

ಮಾರ್ಚ್ 9, ಭಾನುವಾರ

ಬೆಳಗಿನಿಂದ ಮಾವ ಬಾತ್‌ರೂಮ್ ಬಿಟ್ಟು ಹೊರಗೇ ಬರಲಿಲ್ಲ. "ಹೊಟ್ಟೆ ಸರಿ ಇಲ್ಲಮ್ಮ." ಹನ್ನೊಂದಕ್ಕೆ ನಾದಿನಿಯ ಫೋನ್ ಬಂತು, ಮೊಮ್ಮಗು ವಿಡಿಯೋದಲ್ಲಿ! ಹೊಟ್ಟೆ ತಕ್ಷಣ ಸರಿಹೋಯಿತು. ನಾನು ಒಳಗೆ ನುಗ್ಗಿದೆ.

ಒಂದು ಚಮಚ ಸಾಕಿತ್ತು. ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಎಂಜಿನಿಯರ್ ಮನೆ, ಸ್ವಂತ ಮನೆ, ಜಿಪುಣತನ ಯಾಕೆ ಅಂತ ಪೂರ್ತಿ ಸುರಿದೆ.

ಸೇತುವೆಯಿಂದ ಇವರ ಫೋನ್.

"ಎಷ್ಟು ಹಾಕ್ದೆ?"

"ಸ್ವಲ್ಪ ಜಾಸ್ತಿ... ಯಾಕ್ರೀ?"

"ಹೊಳೆ ಹಸಿರಾಗಿದೆ. ಬಾತುಕೋಳಿಗಳೂ ಹಸಿರಾಗಿವೆ. ಜನ ಸೇರಿ ಫೋಟೋ ತೆಗೀತಿದ್ದಾರೆ."

"ಅಯ್ಯಯ್ಯೋ, ಯಾರ ಮನೇದ್ರೀ?"

ಇವರು ಮೆಲ್ಲಗೆ ಕೇಳಿದರು — "ಇವತ್ತು ಹಾಕಿದ್ದು ಯಾರ ಮನೇಲಿ, ಚಿನ್ನ?"

ಅದೇ ದಿನ, ಸಂಜೆ

ಮಾವ ತಾವಾಗಿಯೇ ಬಂದು ಎದುರು ಕೂತರು.

"ಊರಿಗೆಲ್ಲ ಲೈನ್ ಹಾಕ್ಸಿದೆ ಕಣಮ್ಮ. ನಮ್ಮನೇದು ಮಾತ್ರ ನಿಮ್ಮತ್ತೆ ಡೇಲಿಯಾ ಹೂವಿನ ಪಾತಿ ಕೆಳಗೇ ಹೋಗ್ಬೇಕಿತ್ತು. ಅಗಿಸ್ತೀನಿ ಅಂದೆ. 'ಅಗಿಸಿ ನೋಡೋಣ' ಅಂದ್ಲು."

"ಆಮೇಲೆ?"

"ಆಮೇಲೇನು? ಅಗಿಸ್ಲಿಲ್ಲ. ಚರಂಡಿಗೆ ಸೇರಿಸ್ದೆ. ಒಂದು ತಿಂಗಳ ಮಟ್ಟಿಗೆ ಅಂತ."

"ಎಷ್ಟು ವರ್ಷ ಆಯ್ತು ಮಾವ?"

ಮಗನ ಕಡೆ ನೋಡಿದರು. "ಇವನಿಗಿನ್ನೂ ಹಲ್ಲು ಬಂದಿರ್ಲಿಲ್ಲ."

ಅಂದರೆ ನನ್ನ ಗಂಡನ ಇಡೀ ಬಾಲ್ಯ ಹೊಳೆಗೆ ಹೋಗಿದೆ! ನಗು ಬಂತು. ಆದರೆ ಸೇತುವೆ ಕೆಳಗೆ ಮಕ್ಕಳು ಈಜುವುದು ನೆನಪಾಯಿತು. ಬಾಯಿಗೆ ನೀರು ತುಂಬಿಕೊಂಡು ಒಬ್ಬರ ಮೇಲೊಬ್ಬರು ಉಗುಳುತ್ತಾರೆ. ನಗು ಅಲ್ಲೇ ನಿಂತಿತು.

ಸಂಘಕ್ಕೆ ಫೋನ್ ಮಾಡಿ ನಿಜ ಹೇಳಿದೆ. ಮಾವ ಪಕ್ಕದಲ್ಲೇ ಇದ್ದರು, ತಡೆಯಲಿಲ್ಲ. ತಿಂಗಳೊಳಗೆ ಸರಿಮಾಡಿಸಿ, ಇಲ್ಲದಿದ್ದರೆ ಸಭೆಯಲ್ಲಿ ಹೆಸರು ಓದುತ್ತೇವೆ ಅಂದರು ಸಂಘದವರು. ಮಾವನಿಗೆ ಸನ್ಮಾನ ಮಾಡಿದ್ದ ಅದೇ ಸಭೆ...

"ಅಗಿಸೋಣ" ಅಂದರು ಮಾವ. "ಅವಳು ಬರೋಷ್ಟರಲ್ಲಿ ಮುಚ್ಚಿ, ಎಲ್ಲಾ ಮೊದಲಿನ ಥರಾನೇ ನೆಟ್ಟುಬಿಡೋಣ. ಗೊತ್ತೇ ಆಗಲ್ಲ."

ಮಾರ್ಚ್ 15, ಶನಿವಾರ

ಗೊತ್ತಾಗುತ್ತದೆ. ಅಂಗಳದಲ್ಲಿ ಬೀದಿಯವರೆಗೂ ಕಾಲುವೆ. ಡೇಲಿಯಾ ಗೆಡ್ಡೆಗಳು ಬಕೆಟ್‌ನಲ್ಲಿ, ಕುಕ್ಕರ್‌ನಲ್ಲಿ, ಇವರ ಹೆಲ್ಮೆಟ್‌ನಲ್ಲಿ. ಯಾವುದು ಕೆಂಪು, ಯಾವುದು ಹಳದಿ, ಮೂವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಿನ್ನೆ ಒಂದನ್ನು ಗೆಣಸು ಅಂತ ಹೆಚ್ಚಿಯೂ ಬಿಟ್ಟೆ. ಫ್ಲವರ್ ಶೋನಲ್ಲಿ ಕಪ್ ಗೆದ್ದ ಗಿಡದ್ದಂತೆ ಅದು. "ಅಮ್ಮನಿಗೆ ಹೇಳ್ಬೇಡ" ಅಂದರು ಇವರು. ಯಾವುದನ್ನು ಅಂತ ಹೇಳಲಿಲ್ಲ. ಎಲ್ಲವನ್ನೂ ಇರಬೇಕು.

ಮಾವ ಮಾತ್ರ ಹತ್ತು ವರ್ಷ ಚಿಕ್ಕವರಾಗಿದ್ದಾರೆ. ಗುಂಡಿಗೆ ಇಳಿದು ಪೈಪಿನ ಇಳಿಜಾರು ತಾವೇ ಅಳೆಯುತ್ತಾರೆ, ಮೇಸ್ತ್ರಿಗೆ ಗದರುತ್ತಾರೆ.

ಮಾರ್ಚ್ 18, ಮಂಗಳವಾರ

ಪೈಪು ಒಳಚರಂಡಿಗೆ ಸೇರಿತು! ಒಂದೇ ಚಮಚ ಹಾಕಿ, ಫ್ಲಶ್ ಮಾಡಿ, ಮೂವರೂ ಸೇತುವೆಗೆ ಓಡಿದೆವು. ಕಾದೆವು. ನೀರು ನೀರಿನ ಬಣ್ಣದಲ್ಲೇ ಇತ್ತು. ಮಕ್ಕಳು ಈಜುತ್ತಿದ್ದರು. ಮಾವ ಕಂಬಿ ಹಿಡಿದು ನಿಂತವರು ಅಲ್ಲಾಡಲಿಲ್ಲ. "ಈಗ ಮುಗೀತು ನೋಡು ನನ್ನ ಕೆಲಸ" ಅಂದರು. ನಾನು ಅಳುತ್ತಾ ನಕ್ಕೆ. ಹ್ಯಾಪಿಯೆಸ್ಟ್ ಡೇ!

ಮನೆಗೆ ಬಂದರೆ ಮಾವನ ಫೋನ್ ಬಡಿದುಕೊಳ್ಳುತ್ತಿದೆ. ಅತ್ತೆ. ಟೈಲರಮ್ಮ ಹೇಳಿಬಿಟ್ಟಿದ್ದಾರೆ.

"ಪಾತಿ ಅಗಿಸಿದ್ದು ಯಾರು?" — ಸ್ಪೀಕರ್ ಇಲ್ಲದೆಯೇ ಎಲ್ಲರಿಗೂ ಕೇಳಿಸಿತು.

ಮಾವ ಫೋನನ್ನು ಮಗನ ಕೈಗೆ ಕೊಟ್ಟರು. ಮಗ ನನ್ನ ಕೈಗೆ.

"ನಾನು, ಅತ್ತೆ" ಅಂದೆ. ಹೊಳೆಯ ವಿಷಯ, ಹಸಿರಿನ ವಿಷಯ, ಮಕ್ಕಳು ಉಗುಳಾಡುವ ವಿಷಯ ಒಂದೇ ಉಸಿರಿಗೆ ಹೇಳಿದೆ. ಹೆಚ್ಚಿದ ಗೆಡ್ಡೆಯನ್ನೂ ಹೇಳಿಬಿಟ್ಟೆ.

ಆ ಕಡೆ ಮಗು ಅಳತೊಡಗಿತು, ಅತ್ತೆ ಅದನ್ನು ತಟ್ಟಿದರು.

"ಆ ಗುಂಡಿ ಮುಚ್ಚಬೇಡಿ, ನಾನು ನೋಡ್ಬೇಕು" ಅಂದರು ಕೊನೆಗೆ. "ಸ್ಟೇಷನ್‌ಗೆ ಅವರಿಬ್ಬರೂ ಬೇಡ. ನೀನೊಬ್ಳೇ ಬಾ."

ಬೈಯುವ ದನಿಯೋ, ಬೇರೆ ಏನೋ... ಇವರಿಗೂ ಗೊತ್ತಾಗಲಿಲ್ಲ, ಮಾವನಿಗೂ ಗೊತ್ತಾಗಲಿಲ್ಲ. ತಿಂಗಳ ಕೊನೆಗಲ್ಲ, ಈ ಗುರುವಾರವೇ ಬರುತ್ತಾರಂತೆ. ಬೆಳಗಿನ ಎಕ್ಸ್‌ಪ್ರೆಸ್‌ಗೆ. ನಾನೊಬ್ಬಳೇ ಹೋಗಬೇಕು.