ಕಾರು ಪಾಸಾಯ್ತು

ರೀ,

ನಿನ್ನೆ ಕಾರು ತಪಾಸಣೆಯಲ್ಲಿ ಪಾಸಾಯ್ತು. ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ ಈ ಚೀಟಿ.

ಸ್ಟೀರಿಂಗ್ ತಾನಾಗೇ ನಡುಗುತ್ತೆ, ಎಲ್ಲ ಸಾಫ್ಟ್‌ವೇರಿನ ಕಾಟ ಅಂತ ನೀವು ಹೇಳಿದ್ದನ್ನ ಇನ್‌ಸ್ಪೆಕ್ಟರಿಗೆ ಹೇಳಿದೆ. ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದ, ಓಡಿಸಿಯೂ ನೋಡಿದ. ಎಲ್ಲ ಸರಿಯಾಗಿದೆ ಅಂದ. ಇನ್ನೊಂದು ಸಲ ನೋಡಪ್ಪಾ ಅಂತ ಅಂಗಲಾಚಿದೆ. ತನ್ನ ಕಾರಲ್ಲಿ ದೋಷ ಸಿಗಲಿ ಅಂತ ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

ಕೀ ನನ್ನ ಹತ್ತಿರ ಇದೆ, ಮನೆಯೆಲ್ಲ ತಡಕಬೇಡಿ. ಸಿಟ್ಟು ಬಂದ್ರೆ ಬರಲಿ. ಮೊನ್ನೆ ನಿಮ್ಮ ಕೈಲಿ ಚಹಾ ಚೆಲ್ಲಿದ ಲೋಟದಲ್ಲಿ ಯಾವ ಸಾಫ್ಟ್‌ವೇರ್ ಇತ್ತು ಹೇಳಿ.

ಆಫೀಸಲ್ಲಿ ಇವತ್ತು ನನಗೆ ಕೂತಲ್ಲಿ ಕೂರೋಕಾಗಲ್ಲ, ಮಧ್ಯಾಹ್ನ ಒಂದು ಫೋನ್ ಮಾಡಿ. ಸಂಜೆ ಡಾಕ್ಟರ ಹತ್ತಿರ ಹೋಗೋಣ. ಒಗೆದ ಶರ್ಟು ಕುರ್ಚಿ ಮೇಲಿದೆ. ಗುಂಡಿ ಹಾಕ್ಕೊಳ್ಳೋಕೆ ಒದ್ದಾಡಬೇಡಿ, ನಾನು ಬಂದು ಹಾಕ್ತೀನಿ.