ತೀರ್ಪುಗಾರರ ಜೇಬು

ಮಾರ್ಚ್ 9, ಭಾನುವಾರ

ಆ "ತಪ್ಪು" ಇನ್ನೂ ಕಿವಿಯಲ್ಲೇ ಇದೆ. ಇವತ್ತು ನಾಯಿಗಳ ವಾಸನೆ ಹಿಡಿಯುವ ಸ್ಪರ್ಧೆಯಲ್ಲಿ ಲವಂಗದೆಣ್ಣೆ ಸೋಕಿಸಿದ ಹತ್ತಿಯನ್ನು ಹನ್ನೆರಡು ಡಬ್ಬಗಳಲ್ಲಿ ಒಂದರೊಳಗೆ ಅಡಗಿಸಿದ್ದರು. ನನ್ನ ನಾಯಿ ಬೂದಿ, ಡಬ್ಬಗಳನ್ನೆಲ್ಲ ಬಿಟ್ಟು ನೆಟ್ಟಗೆ ಹೋಗಿ, ಸಿಕ್ಕಿತು ಎನ್ನುವಂತೆ ತೀರ್ಪುಗಾರರ ಮುಂದೆ ಕುಳಿತಳು. ಎಲ್ಲರೂ ನಕ್ಕರು.

"ಸರ್, ಜೇಬಲ್ಲಿ ಏನಿದೆ?" ಎಂದೆ.

ತಡಕಿದರು. ಮಿಕ್ಕ ಹತ್ತಿ ಅಲ್ಲೇ ಇತ್ತು!

"ಇರ್ಲಿ ಬಿಡಮ್ಮ. ನಾವು ಬಚ್ಚಿಟ್ಟಿದ್ದು ಡಬ್ಬದಲ್ಲಿ. ತಪ್ಪು ಅಂದ್ರೆ ತಪ್ಪು. ಈಗ ಅದಕ್ಕೆ ಶಹಬ್ಬಾಸ್ ಅಂತ ಬಿಸ್ಕತ್ತು ಕೊಟ್ರೆ ಮುಂದಿನ ಸುತ್ತೂ ಇಲ್ಲ."

ಅವರ ಕಣ್ಣೆದುರೇ ಕೊಟ್ಟೆ. ಒಂದಲ್ಲ, ಮೂರು.

"ನಾಯಿ ಹುಚ್ಚು ನಿನ್ನ ತಲೆಗೇರಿದೆ ಕಣೆ," ಎಂದಳು ಅಕ್ಕ. ಏರಲಿ. ಎಲ್ಲರೂ ತಮ್ಮ ಮೂಗಿನ ನೇರಕ್ಕೆ ಮಾತಾಡುತ್ತಾರೆ. ನಾನು ಬೂದಿಯ ಮೂಗಿನ ನೇರಕ್ಕೆ ನಡೆಯುತ್ತೇನೆ. ಮುಂದಿನ ತಿಂಗಳೂ ಹೋಗುತ್ತೇವೆ. ಅವರು ಜೇಬು ಖಾಲಿ ಮಾಡಿಕೊಂಡು ಬರಲಿ.